ಮನೆಯಲ್ಲೇ ಚಾಕು ಮಾಡಲು ಕಲಿಯುವವರಿಗೆ: ಮೊದಲು ಅರ, ಕುಲುಮೆ ಆಮೇಲೆ

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆ. ಚಿಕ್ಕಮಗಳೂರಿನಲ್ಲಿ ಕೆಲಸ, ಭಾನುವಾರ ಮಾತ್ರ ಬಿಡುವು. ಕೈಯಲ್ಲೇ ಚಾಕು ಮಾಡುವ ಹುಚ್ಚು ಹಿಡಿದಿದೆ. ವಿಡಿಯೊಗಳನ್ನು ನೋಡಿ, ಗುಜರಿಯಿಂದ ತಂದ ಜೀಪಿನ ಸ್ಪ್ರಿಂಗ್ ಪ್ಲೇಟನ್ನು ಗ್ರೈಂಡರ್‌ನಲ್ಲಿ ಕತ್ತರಿಸಿ ಒಂದು ಚಾಕು ಮಾಡಿದೆ. ಹೇರ್ ಡ್ರೈಯರ್ ಗಾಳಿ ಹಾಕಿ ಇದ್ದಿಲಿನಲ್ಲಿ ಕೆಂಪಗೆ ಕಾಯಿಸಿ ಬಕೆಟ್ ನೀರಿಗೆ ಅದ್ದಿದಾಗ ‘ಟಿಣ್’ ಎಂದಿತು. ನೋಡಿದರೆ ಬಾಯಿಯಿಂದ ಬೆನ್ನಿನ ಕಡೆಗೆ ಕೂದಲೆಳೆಯಷ್ಟು ಬಿರುಕು. ಎಲ್ಲಿ ತಪ್ಪಾಯಿತು? ಅಡಿಗಲ್ಲು (ಕಾದ ಕಬ್ಬಿಣ ಇಟ್ಟು ಬಡಿಯುವ ದಿಮ್ಮಿ), ಗ್ಯಾಸ್ ಕುಲುಮೆ ಕೊಳ್ಳಬೇಕೆ? ಯಾವ ಉಕ್ಕು ತರಬೇಕು? ಊರಿನ ಕಮ್ಮಾರ ಆಚಾರ್ರ ಹತ್ತಿರ ಕಲಿಯಬಹುದೆ? ಮಾಡಿದ್ದನ್ನು ಇಟ್ಟುಕೊಳ್ಳಲು, ಮಾರಲು ಕಾನೂನಿನ ತೊಡಕು ಇದೆಯೆ?

ಉತ್ತರ: ಆ ‘ಟಿಣ್’ ಕೇಳಿಸಿಕೊಳ್ಳದೆ ಈ ಕೆಲಸ ಕಲಿತವರು ಕಡಿಮೆ. ಬೇಜಾರು ಮಾಡಿಕೊಳ್ಳಬೇಡಿ. ಚಾಕುವನ್ನು ಎಸೆಯಲೂ ಬೇಡಿ, ಅದರಿಂದ ಇನ್ನೂ ಒಂದು ಕೆಲಸ ಆಗಬೇಕಿದೆ.

ಸ್ಪ್ರಿಂಗ್ ಪ್ಲೇಟು ಕೆಟ್ಟ ಉಕ್ಕೇನಲ್ಲ. ನಮ್ಮ ಕಡೆ ಮರಗಸಿಯ (ಮರದ ಕೊಂಬೆ ಸವರುವ) ಕತ್ತಿ, ಮಚ್ಚು ಎಲ್ಲಾ ಹೆಚ್ಚಾಗಿ ಅದರಿಂದಲೇ ಆಗುವುದು. ಇಎನ್ 45, ಇಎನ್ 47, ಎಸ್‌ಯುಪಿ 9 ಎಂದೆಲ್ಲ ಹೆಸರಿರುವ ಈ ಉಕ್ಕುಗಳಲ್ಲಿ ಅರ್ಧ ಪರ್ಸೆಂಟ್ ಆಸುಪಾಸು ಕಾರ್ಬನ್, ಜೊತೆಗೆ ಸಿಲಿಕಾನ್, ಮ್ಯಾಂಗನೀಸ್ ಅಥವಾ ಕ್ರೋಮಿಯಂ ಇರುತ್ತವೆ. ಇವು ಎಣ್ಣೆಯಲ್ಲಿ ಹದ ಹಾಕಬೇಕಾದ, ಅಂದರೆ ಕೆಂಪಗೆ ಕಾಯಿಸಿ ಅದ್ದಿ ಗಡಸು ಮಾಡಬೇಕಾದ ಉಕ್ಕುಗಳು. ನೀರು ಇವಕ್ಕೆ ಬಹಳ ಜೋರಾಯಿತು.

ಒಳಗೆ ಆಗುವುದಿಷ್ಟು. ಉಕ್ಕು ಕೆಂಪಗೆ ಕಾದಾಗ ಕಾರ್ಬನ್ ಕಬ್ಬಿಣದೊಳಗೆ ಕರಗಿರುತ್ತದೆ. ಥಟ್ಟನೆ ತಣ್ಣಗೆ ಮಾಡಿದರೆ ಅದಕ್ಕೆ ಹೊರಗೆ ಬರಲು ಸಮಯ ಸಿಗದೆ ಇದ್ದಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ; ಗಡಸುತನ ಬರುವುದು ಅದರಿಂದ. ಅದೇ ಗಳಿಗೆಯಲ್ಲಿ ಉಕ್ಕು ಒಂಚೂರು ಹಿಗ್ಗುತ್ತದೆ ಕೂಡ. ತೆಳ್ಳಗಿನ ಬಾಯಿ ಮೊದಲು ತಣಿದು ಬಿಗಿಯಾಗಿ ಕೂತುಬಿಡುತ್ತದೆ, ದಪ್ಪ ಬೆನ್ನು ಆಮೇಲೆ ಹಿಗ್ಗಲು ಹೊರಡುತ್ತದೆ. ಆಗಿನ ಎಳೆತ ತಾಳಲಾರದೆ ಬಾಯಿ ಸೀಳುತ್ತದೆ. ನೀರಿನಲ್ಲಿ ಇದೆಲ್ಲ ಕಣ್ಣುಮುಚ್ಚಿ ತೆರೆಯುವುದರೊಳಗೆ ಮುಗಿಯುತ್ತದೆ, ಎಣ್ಣೆಯಲ್ಲಿ ಸ್ವಲ್ಪ ನಿಧಾನ.

ಆದರೆ ನೀರೊಂದೇ ಕಾರಣವೋ, ಬೇರೆಯದೂ ಸೇರಿದೆಯೋ ಎಂದು ನೋಡಬೇಕಲ್ಲ. ಅದಕ್ಕೇ ಚಾಕು ಎಸೆಯಬೇಡಿ ಎಂದದ್ದು. ವೈಸಿನ ತುಟಿ ಬಿರುಕಿನ ಕೆಳಗೆ ಬರುವಂತೆ ಚಾಕುವನ್ನು ಕಚ್ಚಿಸಿ, ಮೇಲೆ ದಪ್ಪ ಗೋಣಿತಾಟು ಹೊದಿಸಿ, ಕನ್ನಡಕ ಹಾಕಿಕೊಂಡು ಸುತ್ತಿಗೆಯಿಂದ ಒಂದು ಏಟು ಕೊಟ್ಟು ಮುರಿಯಿರಿ. ಮುರಿದ ಮುಖವನ್ನು ಬಿಸಿಲಿಗೆ ಹಿಡಿದು ನೋಡಿ. ದಪ್ಪ ಬನ್ಸಿ ರವೆಯ ಹಾಗೆ ಮಿಣಮಿಣ ಕಾಳು ಕಂಡರೆ ಕಾವು ಅತಿಯಾಗಿದೆ ಎಂದು ಅರ್ಥ. ಚಿರೋಟಿ ರವೆಗಿಂತಲೂ ನುಣ್ಣಗೆ, ಹೊಳಪಿಲ್ಲದ ಬೂದು ಬಣ್ಣ ಇದ್ದರೆ ಕಾವು ಸರಿಯಿತ್ತು, ನೀರು ಕೆಡಿಸಿತು. ಬಿರುಕು ಇದ್ದ ಜಾಗ ಮಾತ್ರ ಕಪ್ಪು ಬಡಿದಿದ್ದರೆ ಆ ಬಿರುಕು ಬೆಂಕಿಗೆ ಹೋಗುವ ಮೊದಲೇ ಇತ್ತು. ವರ್ಷಗಟ್ಟಲೆ ಎಸ್ಟೇಟಿನ ಗುಂಡಿ ರಸ್ತೆಯಲ್ಲಿ ಬಾಗಿ ಬಾಗಿ ದಣಿದ ಪ್ಲೇಟಿನಲ್ಲಿ ಕಣ್ಣಿಗೆ ಕಾಣದ ಸೀಳು ಇರುವುದು ಸಾಮಾನ್ಯ. ಗುಜರಿ ಉಕ್ಕಿನ ದೊಡ್ಡ ತೊಂದರೆ ಇದು: ಅದರ ಜಾತಕ ನಿಮಗೆ ಗೊತ್ತಿರುವುದಿಲ್ಲ. ಕೆಟ್ಟಾಗ ತಪ್ಪು ಕೈಯದೋ ಲೋಹದ್ದೋ ಎಂದು ಹೇಳಲಾಗದಿದ್ದರೆ ಕಲಿಯುವುದೇನನ್ನು?

ಹಾಗಾಗಿ ಮೊದಲ ಕೆಲವು ಚಾಕುಗಳಿಗೆ ಹೊಸ ಉಕ್ಕನ್ನೇ ಕೊಳ್ಳಿ. ಹಾಸನ, ಚಿಕ್ಕಮಗಳೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಪಟ್ಟಿ ಕೇಳಿದರೆ ಕೊಡುವುದು ಎಂಎಸ್ ಫ್ಲಾಟು, ಅಂದರೆ ಮೈಲ್ಡ್ ಸ್ಟೀಲಿನ ಪಟ್ಟಿ. ಅದರಲ್ಲಿ ಕಾರ್ಬನ್ ಕಾಲು ಪರ್ಸೆಂಟಿಗಿಂತ ಕಡಿಮೆ. ಏನೇ ಸರ್ಕಸ್ ಮಾಡಿದರೂ ಚಾಕುವಿಗೆ ಬೇಕಾದಷ್ಟು ಗಡಸಾಗುವುದಿಲ್ಲ. ಬೆಂಗಳೂರಿನ ಸ್ಟೀಲ್ ವ್ಯಾಪಾರಿಗಳ ಹತ್ತಿರ ಅಥವಾ ಆನ್‌ಲೈನ್‌ನಲ್ಲಿ ಇಎನ್ 42ಜೆ, ಸಿ80 ಅಥವಾ 1084 ಎಂಬ ಹೆಸರಿನ ಪಟ್ಟಿ ಕೇಳಿ. ಮೂರರಲ್ಲೂ ಕಾರ್ಬನ್ ಸುಮಾರು 0.8 ಪರ್ಸೆಂಟ್, ಬೇರೆ ಬೆರಕೆ ಕಡಿಮೆ. ಕಾವಿನಲ್ಲಿ ಸ್ವಲ್ಪ ಹೆಚ್ಚುಕಮ್ಮಿಯಾದರೂ ಸುಧಾರಿಸಿಕೊಳ್ಳುತ್ತವೆ. ದಪ್ಪ 3 ಮಿಲಿಮೀಟರ್, ಅಗಲ ಒಂದೂಕಾಲು ಇಂಚು, ‘ಅನೀಲ್ ಮಾಡಿದ್ದು’ (ಕಾಯಿಸಿ ನಿಧಾನವಾಗಿ ಆರಿಸಿ ಮೆತ್ತಗೆ ಮಾಡಿದ್ದು) ಎಂದು ಖಚಿತಪಡಿಸಿಕೊಂಡು ತನ್ನಿ. ಬೇರಿಂಗಿನ ಇಎನ್ 31 ಒಳ್ಳೆಯದಂತಲ್ಲ ಎಂದು ಯಾರಾದರೂ ಹೇಳುತ್ತಾರೆ. ಒಳ್ಳೆಯದೇ, ಆದರೆ ಅದರಲ್ಲಿರುವ ಕ್ರೋಮಿಯಂನಿಂದಾಗಿ ಅದನ್ನು ಒಂದೇ ಕಾವಿನಲ್ಲಿ ಹಲವು ನಿಮಿಷ ಹಿಡಿದು ನಿಲ್ಲಿಸಬೇಕು; ಇದ್ದಿಲ ಬೆಂಕಿಯಲ್ಲಿ ಅದು ಹೊಸಬರಿಗೆ ಆಗದ ಮಾತು. ಸ್ಟೇನ್‌ಲೆಸ್ ಅಂತೂ 1,000 ಡಿಗ್ರಿ ದಾಟುವ ಎಲೆಕ್ಟ್ರಿಕ್ ಕುಲುಮೆ ಇದ್ದವರಿಗೆ. ಪದರ ಪದರವಾಗಿ ಬೆಸೆದು ಚಿತ್ತಾರ ಬರಿಸುವ ಡಮಾಸ್ಕಸ್ ಉಕ್ಕಿನ ಹೆಸರನ್ನು ಸದ್ಯಕ್ಕೆ ಎತ್ತಲೇಬೇಡಿ.

ಅಡಿಗಲ್ಲು ಬೇಡ, ಗ್ಯಾಸ್ ಕುಲುಮೆಯೂ ಬೇಡ. 3 ಮಿಲಿಮೀಟರ್ ಪಟ್ಟಿಯಿಂದ ಚಾಕು ತೆಗೆಯಲು ಬಡಿಯುವ ಅಗತ್ಯವೇ ಇಲ್ಲ. ದುಡ್ಡು ಸುರಿಯುವುದಿದ್ದರೆ ಒಂದು ಒಳ್ಳೆಯ ಬೆಂಚ್ ವೈಸಿಗೆ, ಒಳ್ಳೆಯ ಅರಗಳಿಗೆ ಸುರಿಯಿರಿ: 12 ಇಂಚಿನ ಬಾಸ್ಟರ್ಡ್ (ಒರಟು ಹಲ್ಲಿನದು), 10 ಇಂಚಿನ ಸೆಕೆಂಡ್ ಕಟ್ (ನಡುವಿನದು), 8 ಇಂಚಿನ ಅರೆದುಂಡಿನ ಸ್ಮೂತ್ (ನಯ ಹಲ್ಲಿನದು). ಇನ್ನು ಹ್ಯಾಕ್ಸಾ, ಕೈ ಡ್ರಿಲ್, ಎಮರಿ ಕಾಗದ. ಇಷ್ಟರಲ್ಲಿ ಅಡುಗೆಮನೆ ಚಾಕು ಸಲೀಸಾಗಿ ಆಗುತ್ತದೆ.

ನಾನು ಐಟಿಐನಲ್ಲಿ ಫಿಟ್ಟರ್ ಹುಡುಗರಿಗೆ ಪಾಠ ಹೇಳಿದವನು, ಅರದ ವಿಷಯ ಬಂದರೆ ಮಾತು ಉದ್ದವಾಗುತ್ತದೆ, ಸಹಿಸಿಕೊಳ್ಳಿ. ವೈಸಿನ ತುಟಿ ನಿಮ್ಮ ಮೊಣಕೈ ಮಟ್ಟಕ್ಕೆ ಬರಬೇಕು. ಅದಕ್ಕಿಂತ ಕೆಳಗಿದ್ದರೆ ಸಂಜೆಗೆ ಸೊಂಟ ಹೋಗುತ್ತದೆ, ಮೇಲಿದ್ದರೆ ಅರ ತೊನೆದು ಉಜ್ಜಿದ ಉಕ್ಕಿನ ಮುಖ ಉಬ್ಬುತ್ತದೆ. ಅರ ಕಡಿಯುವುದು ಮುಂದಕ್ಕೆ ಹೋಗುವಾಗ ಮಾತ್ರ. ವಾಪಸ್ ಎಳೆಯುವಾಗ ಒತ್ತಿದರೆ ಹಲ್ಲು ಮೊಂಡಾಗುವುದು ಬಿಟ್ಟರೆ ಬೇರೆ ಲಾಭವಿಲ್ಲ, ಎತ್ತಿಕೊಂಡು ಬನ್ನಿ. ಹಲ್ಲಿನ ಸಂದಿಗೆ ಸೀಮೆಸುಣ್ಣ ಉಜ್ಜಿಕೊಂಡರೆ ಉಕ್ಕಿನ ಚೂರು ಕಚ್ಚಿಕೊಂಡು ಗೀರು ಬೀಳುವುದು ತಪ್ಪುತ್ತದೆ. ಹಿಡಿ ಹಾಕದ ಅರವನ್ನು ಮುಟ್ಟಲೇಬೇಡಿ. ಅದರ ಬಾಲದ ಮೊನೆ ಅಂಗೈಗೆ ಹೊಕ್ಕರೆ ಹೊಲಿಗೆಯೇ ಗತಿ.

ಮೊದಲ ಚಾಕು ಎಂಥದ್ದು? ಬೇಲೂರಿನ ಕಲ್ಲಿನ ಸಳನ ಕೈಗೆ ಒಪ್ಪುವಂಥದ್ದು ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ನೀವು 4 ಇಂಚು ಬಾಯಿಯ ತರಕಾರಿ ಚಾಕು ಮಾಡಿ. ರಟ್ಟಿನಲ್ಲಿ ಆಕಾರ ಕತ್ತರಿಸಿ ಮನೆಯಲ್ಲಿ ದಿನಾ ಅಡುಗೆ ಮಾಡುವವರ ಕೈಗೆ ಕೊಟ್ಟು ಹಿಡಿದು ನೋಡಲು ಹೇಳಿ. ಈಳಿಗೆಮಣೆಯ ರೂಢಿ ಇದ್ದವರು ಅದರ ಹಿಡಿಯ ಬಗ್ಗೆ ನೇರವಾಗಿ ಎರಡು ಮಾತು ಹೇಳುತ್ತಾರೆ, ಅದನ್ನು ಕೇಳಿಸಿಕೊಳ್ಳಿ. ಆಕಾರ ಒಪ್ಪಿಗೆಯಾದ ಮೇಲೆ ಪಟ್ಟಿಯ ಮೇಲೆ ಗೀರಿ, ಹ್ಯಾಕ್ಸಾದಿಂದ ಕತ್ತರಿಸಿ, ಅರದಿಂದ ಗೆರೆಯವರೆಗೆ ತನ್ನಿ. ಹಿಡಿಯ ಪಿನ್ನಿನ ತೂತುಗಳನ್ನು ಈಗಲೇ ಕೊರೆಯಬೇಕು. ಹದ ಹಾಕಿದ ಮೇಲೆ ಡ್ರಿಲ್ಲಿನ ಬಿಟ್ ಕೊರೆಯದೆ ಜಾರುತ್ತದೆ.

ಬೆನ್ನಿನಿಂದ ಬಾಯಿಯ ಕಡೆಗೆ ತೆಳ್ಳಗಾಗುವಂತೆ ಇಳಿಜಾರು ತೆಗೆಯುವುದೇ ಈ ಕೆಲಸದಲ್ಲಿ ಎಲ್ಲಕ್ಕಿಂತ ತಾಳ್ಮೆ ಬೇಡುವ ಭಾಗ. ಬಾಯಿಯ ಅಂಚಿಗೆ ಮಾರ್ಕರ್ ಪೆನ್ನಿನ ಮಸಿ ಬಳಿಯಿರಿ. ಚಾಕುವನ್ನು ಸಮತಟ್ಟಾದ ಗಾಜಿನ ಮೇಲೆ ಮಲಗಿಸಿ, ಪಕ್ಕದಲ್ಲಿ 2 ಮಿಲಿಮೀಟರಿನ ಡ್ರಿಲ್ ಬಿಟ್ಟನ್ನೂ ಮಲಗಿಸಿ, ಅದರ ಮೊನೆಯಿಂದ ಅಂಚಿನ ಉದ್ದಕ್ಕೂ ಒಂದು ಗೀರು ಎಳೆಯಿರಿ. ಚಾಕುವನ್ನು ಮಗುಚಿ ಇನ್ನೊಂದು ಗೀರು. ಬಿಟ್ಟಿನ ಮೊನೆ ನೆಲದಿಂದ 1 ಮಿಲಿಮೀಟರ್ ಎತ್ತರದಲ್ಲಿರುವುದರಿಂದ 3 ಮಿಲಿಮೀಟರ್ ದಪ್ಪದ ಅಂಚಿನ ನಟ್ಟನಡುವೆ, ಒಂದಕ್ಕೊಂದು 1 ಮಿಲಿಮೀಟರ್ ಅಂತರದಲ್ಲಿ ಎರಡು ಗೆರೆ ಮೂಡುತ್ತವೆ. ಎರಡೂ ಕಡೆಯಿಂದ ಆ ಗೆರೆ ಮುಟ್ಟುವವರೆಗೆ ಮಾತ್ರ ಉಜ್ಜಬೇಕು. ಆ ನಡುವಿನ 1 ಮಿಲಿಮೀಟರನ್ನು ಹದ ಹಾಕುವ ತನಕ ಮುಟ್ಟಬೇಡಿ. ಈಗಲೇ ಬಾಯಿ ತೆಳ್ಳಗೆ ಮಾಡಿದರೆ ಬೆಂಕಿಯಲ್ಲಿ ಅದು ಮೊದಲು ಸುಡುತ್ತದೆ, ಎಣ್ಣೆಯಲ್ಲಿ ಸೊಟ್ಟಗಾಗುತ್ತದೆ. ಮೊದಲು ಅರವನ್ನು ಓರೆಯಾಗಿ ಹಿಡಿದು ಗೆರೆಯವರೆಗೆ ಮೂಲೆ ತೆಗೆದು, ಆಮೇಲೆ ಒಂದೊಂದೇ ಪಟ್ಟು ಅರವನ್ನು ಮಲಗಿಸುತ್ತಾ ಬೆನ್ನಿನ ಕಡೆಗೆ ಏರಿಸಿ. ಕೊನೆಯಲ್ಲಿ ಅರವನ್ನು ಅಡ್ಡಕ್ಕೆ ಎರಡೂ ಕೈಯಲ್ಲಿ ಹಿಡಿದು ಉದ್ದಕ್ಕೆ ಎಳೆದರೆ ಗೀರುಗಳು ಒಂದೇ ದಿಕ್ಕಿಗೆ ಬರುತ್ತವೆ. ಆಮೇಲೆ 120, 220ರ ಎಮರಿ. ಬಾಯಿಯ ಹತ್ತಿರ ಅಡ್ಡ ಗೀರು ಉಳಿಸಬೇಡಿ, ಎಷ್ಟೋ ಸಲ ಬಿರುಕು ಹುಟ್ಟುವುದು ಅಂಥ ಗೀರಿನಿಂದಲೇ.

ಗ್ರೈಂಡರ್‌ನಲ್ಲಿ ಇದೆಲ್ಲ ಹತ್ತು ನಿಮಿಷದ ಕೆಲಸ ಎಂದು ನಿಮಗನ್ನಿಸಬಹುದು. ಕೆಡಿಸುವುದೂ ಅಷ್ಟೇ ಬೇಗ. ಅರ ನಿಧಾನವಾಗಿರುವುದರಿಂದ ತಪ್ಪು ಕಣ್ಣಿಗೆ ಬೀಳಲು ಸಮಯ ಕೊಡುತ್ತದೆ.

ಇನ್ನು ಬೆಂಕಿ. 4 ಇಂಚಿನ ಚಾಕುವಿಗೆ ಇಟ್ಟಿಗೆ ಜೋಡಿಸಿ ಮಣ್ಣು ಮೆತ್ತಿದ ಸಣ್ಣ ಒಲೆ, ಇದ್ದಿಲು, ನಿಮ್ಮ ಹೇರ್ ಡ್ರೈಯರ್ ಸಾಕು. ಒಲೆಯೊಳಗೆ ಒಂದು ದಪ್ಪ ಕಬ್ಬಿಣದ ಪೈಪಿನ ತುಂಡಿಟ್ಟು ಅದರೊಳಗೆ ಚಾಕು ಇಟ್ಟರೆ ಕಾವು ಸಮನಾಗಿ ಹರಡುತ್ತದೆ, ಗಾಳಿ ನೇರವಾಗಿ ಬಡಿಯುವುದಿಲ್ಲ. ಜಿಐ ಪೈಪು ಮಾತ್ರ ಬೇಡವೇ ಬೇಡ: ಅದರ ಸತುವಿನ ಲೇಪ ಸುಟ್ಟು ಬರುವ ಬಿಳಿ ಹೊಗೆ ಕುಡಿದರೆ ಚಳಿಜ್ವರ ಬಂದು ಮಲಗುತ್ತೀರಿ.

ಕಾವನ್ನು ಬಣ್ಣದಿಂದ ಅಳೆಯುವುದು ಹೊಸಬರಿಗೆ ಕಷ್ಟ. ಬಿಸಿಲಿನಲ್ಲಿ ಕಿತ್ತಳೆಯೂ ಮಂಕು ಕೆಂಪಾಗಿ ಕಾಣುತ್ತದೆ, ಕತ್ತಲೆಯಲ್ಲಿ ಮಂಕು ಕೆಂಪೂ ಧಗಧಗಿಸುತ್ತದೆ. ನಮ್ಮ ಮಲೆನಾಡಿನ ಮಳೆಗಾಲದ ಮಬ್ಬು ಬೆಳಕು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಜುಲೈಯಲ್ಲಿ ತೋಟದ ಶೆಡ್ಡಿನೊಳಗೆ ಮಧ್ಯಾಹ್ನವೂ ಹದವಾದ ನಸುಗತ್ತಲೆ ಇರುತ್ತದೆ, ಇದ್ದಿಲು ಒಣಗಿರುವಂತೆ ನೋಡಿಕೊಂಡರಾಯಿತು. ಹಳೇ ಸ್ಪೀಕರಿನ ಅಯಸ್ಕಾಂತವನ್ನು ತಂತಿಗೆ ಕಟ್ಟಿ ಪಕ್ಕದಲ್ಲಿ ತೂಗುಹಾಕಿ. ಸುಮಾರು 770 ಡಿಗ್ರಿಗೆ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ನಿಲ್ಲಿಸುತ್ತದೆ. ನಮಗೆ ಬೇಕಾದದ್ದು ಅದಕ್ಕಿಂತ ಸ್ವಲ್ಪ ಮೇಲೆ, 800ರಿಂದ 815. ಅದಕ್ಕೊಂದು ಅಡುಗೆಮನೆಯ ಉಪಾಯವಿದೆ. ಉಪ್ಪು ಕರಗುವುದು 801 ಡಿಗ್ರಿಗೆ. ಚಾಕುವಿನ ಮೇಲೆ ಒಂದು ಚಿಟಿಕೆ ಪುಡಿಯುಪ್ಪು ಉದುರಿಸಿ. ಅದು ಕರಗಿ ಗಾಜಿನ ಹನಿಯಂತಾದರೆ ಕಾವು ಬಂತು.

ಇದರ ಜೊತೆಗೆ ಕಣ್ಣಿಟ್ಟು ನೋಡಬೇಕಾದದ್ದು ಒಂದು ನೆರಳು. ಉಕ್ಕು ಒಳಗೊಳಗೇ ರೂಪ ಬದಲಿಸುವಾಗ ಕಾವನ್ನು ಹೀರಿಕೊಳ್ಳುತ್ತದೆ. ಆಗ ಕೆಂಪಗಿದ್ದ ಅಲಗಿನ ಮೇಲೆ ಕಪ್ಪಾದ ತೇಪೆಯೊಂದು ಕಾಣಿಸಿಕೊಂಡು ನಿಧಾನವಾಗಿ ಬಾಯಿಯಿಂದ ಬೆನ್ನಿನ ಕಡೆಗೆ ಸರಿದು ಮಾಯವಾಗುತ್ತದೆ. ಅದು ಪೂರ್ತಿ ಹೋಗಿ ಬಣ್ಣ ಒಂದೇ ಸಮ ಆದಾಗ ಅದ್ದುವ ಹೊತ್ತು. ಅದ್ದುವ ಮುಂಚೆ ಇದೇ ನೆರಳಿನವರೆಗೆ ಕಾಯಿಸಿ ಗಾಳಿಯಲ್ಲಿ ಕಪ್ಪಾಗುವವರೆಗೆ ಆರಲು ಬಿಡುವುದನ್ನು ಮೂರು ಸಲ ಮಾಡಿ, ಪ್ರತಿ ಸಲವೂ ಕಾವು ಒಂಚೂರು ಕಡಿಮೆ ಇರಲಿ. ಒಳಗಿನ ಕಾಳು ಸಣ್ಣದಾಗುತ್ತದೆ, ಸೊಟ್ಟಗಾಗುವುದೂ ತಪ್ಪುತ್ತದೆ. ಆ ಮೂರು ಸಲದಲ್ಲಿ ನಿಮ್ಮ ಕಣ್ಣಿಗೂ ಬಣ್ಣ ಪಳಗುತ್ತದೆ.

ಎಣ್ಣೆ ಸುಮಾರು 3 ಲೀಟರ್, ಉದ್ದನೆಯ ಕಬ್ಬಿಣ ಅಥವಾ ಸ್ಟೀಲ್ ಡಬ್ಬದಲ್ಲಿ. ಪ್ಲಾಸ್ಟಿಕ್ ಬಕೆಟ್ಟು ಬೇಡ. ಸೂರ್ಯಕಾಂತಿ ಅಥವಾ ಕಡ್ಲೆಕಾಯಿ ಎಣ್ಣೆ ಆಗುತ್ತದೆ, 50-60 ಡಿಗ್ರಿಗೆ ಬೆಚ್ಚಗೆ ಮಾಡಿ, ಏಕೆಂದರೆ ಬೆಚ್ಚಗಿನ ಎಣ್ಣೆ ತೆಳುವಾಗಿ ಬೇಗ ಕಾವು ಎಳೆಯುತ್ತದೆ. ಗ್ಯಾರೇಜಿನ ಸುಟ್ಟ ಎಂಜಿನ್ ಆಯಿಲ್ ಪುಕ್ಕಟೆ ಸಿಗುತ್ತದೆಂದು ತರಬೇಡಿ, ಅದರ ಹೊಗೆ ವಿಷ. ಚಾಕುವನ್ನು ನೇರವಾಗಿ ಇಳಿಸಿ, ಹಿಂದಕ್ಕೆ ಮುಂದಕ್ಕೆ ಕೊಯ್ಯುವ ಹಾಗೆ ಆಡಿಸಬಹುದು, ಅಕ್ಕಪಕ್ಕಕ್ಕೆ ಆಡಿಸಿದರೆ ಬಾಗುತ್ತದೆ. ಅರ್ಧ ಮುಳುಗಿಸಿ ನಿಲ್ಲಿಸಿದರೆ ಎಣ್ಣೆ ಹೊತ್ತಿಕೊಳ್ಳುತ್ತದೆ. ಡಬ್ಬದ ಮುಚ್ಚಳ, ಒಂದು ಬಾಣಲೆ ಒಣ ಮರಳು ಕೈಗೆಟುಕುವಲ್ಲಿರಲಿ. ಹೊತ್ತಿದ ಎಣ್ಣೆಗೆ ನೀರು ಹಾಕಿದರೆ ಶೆಡ್ಡೇ ಹೋಗುತ್ತದೆ. ಹತ್ತಿ ಬಟ್ಟೆ, ಚರ್ಮದ ಗ್ಲೌಸು, ಮುಚ್ಚಿದ ಬೂಟು. ಮಕ್ಕಳು ಆ ದಿನ ಅಜ್ಜಿ ಮನೆಯಲ್ಲಿರಲಿ.

ತಣಿದ ಮೇಲೆ ಹಳೇ ಅರವನ್ನು ಬಾಯಿಯ ಮೇಲೆ ಹಗುರವಾಗಿ ಓಡಿಸಿ. ಮೇಲಿನ ಪೊರೆ ಹೋದ ಮೇಲೆ ಗಾಜಿನ ಮೇಲೆ ಹೋದಂತೆ ಜಾರಿದರೆ ಹದ ಕೂತಿದೆ. ಕಚ್ಚಿದರೆ ಇನ್ನೊಮ್ಮೆ ಕಾಯಿಸಬೇಕು. ಈ ಹಂತದಲ್ಲಿ ಚಾಕು ಕೆಳಗೆ ಬಿದ್ದರೂ ಎರಡಾಗುವಷ್ಟು ಪೆಡಸು, ನಾಳೆ ಮಾಡೋಣ ಎಂದು ಇಡಬೇಡಿ. ಆ ಗಂಟೆಯೊಳಗೇ ಓಟಿಜಿ ಒವನ್‌ನಲ್ಲಿ 200 ಡಿಗ್ರಿಗೆ ಎರಡು ಗಂಟೆ, ಪೂರ್ತಿ ಆರಿಸಿ ಮತ್ತೆ ಎರಡು ಗಂಟೆ ಇಟ್ಟು ಟೆಂಪರ್ ಮಾಡಿ, ಅಂದರೆ ಹಗುರ ಕಾವಿನಲ್ಲಿ ಆ ಪೆಡಸನ್ನು ಇಳಿಸಿ. ಒವನ್ನಿನ ತಿರುಗಣೆಯನ್ನು ನಂಬದೆ ಒಳಗೆ ಒಂದು ಥರ್ಮಾಮೀಟರ್ ಇಡಿ. ಉಜ್ಜಿ ಹೊಳೆಸಿದ ಜಾಗ ತಿಳಿ ಹೊಂಬಣ್ಣಕ್ಕೆ ಬರಬೇಕು. ನೀಲಿಗೆ ಹೋಯಿತೆಂದರೆ 300ರ ಹತ್ತಿರ ಹೋಗಿದೆ, ಚಾಕುವಿಗೆ ಅಷ್ಟು ಮೆತ್ತಗಾಗಬಾರದು. ಇಲ್ಲಿಂದ ಮುಂದೆ ಬಾಯಿ ತೆಳ್ಳಗೆ ಮಾಡುವುದೆಲ್ಲ ಕೈಯಲ್ಲಿ, ನೀರು ಹಾಕಿಕೊಂಡು. ಗ್ರೈಂಡರಿನಲ್ಲಿ ಒಂದು ಕ್ಷಣ ನೀಲಿ ಕಂಡರೂ ಅಷ್ಟು ಜಾಗದ ಹದ ಹೋಯಿತು.

ಆಚಾರ್ರ ಹತ್ತಿರ ಕಲಿಯುವುದೆ? ಖಂಡಿತ, ಆದರೆ ಹೋಗುವ ರೀತಿ ಇದೆ. ಮುಂಗಾರಿನ ಮುಂಚೆ ಕತ್ತಿ, ಗುದ್ದಲಿ ಹಣಿಸಲು ತೋಟದವರು ಸಾಲು ನಿಂತಿರುತ್ತಾರೆ, ಕೊಯ್ಲಿನ ಮುಂಚೆಯೂ ಅಷ್ಟೇ. ಆಗ ಹೋಗಿ ಮಾತಿಗೆ ಕೂರಬೇಡಿ. ನಡುವಿನ ಬಿಡುವಿನಲ್ಲಿ ಹೋಗಿ, ಮನೆಗೆ ಬೇಕಾದ ಒಂದು ಗಿಡಗಸಿಯ ಕತ್ತಿ ಮಾಡಿಸಿ, ಪೂರ್ತಿ ದುಡ್ಡು ಕೊಟ್ಟು, ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ. ಗಾಳಿ ಹಾಕಲು ಕೈ ಕೊಟ್ಟರೆ ಇನ್ನೂ ಒಳ್ಳೆಯದು. ಅವರು ಬಾಯಿಬಿಟ್ಟು ಪಾಠ ಹೇಳುವುದು ಕಡಿಮೆ, ಆದರೆ ಹದ ಹಾಕುವ ಗಳಿಗೆಯಲ್ಲಿ ಕಣ್ಣು ತಪ್ಪಿಸಬೇಡಿ. ಹಳಬರು ಇಡೀ ಕತ್ತಿಯನ್ನು ಮುಳುಗಿಸುವುದಿಲ್ಲ. ಬಾಯಿಯನ್ನಷ್ಟೇ ಅದ್ದಿ ಎತ್ತಿ, ಕಲ್ಲಿಗೆ ಎರಡು ಸಲ ಉಜ್ಜಿ ಬಿಳುಪು ಮಾಡಿ, ಬೆನ್ನಿನಲ್ಲಿ ಉಳಿದ ಕಾವು ಬಾಯಿಯ ಕಡೆಗೆ ಇಳಿಯುವುದನ್ನು ಕಾಯುತ್ತಾರೆ. ಬಿಳುಪಿನ ಮೇಲೆ ಹಳದಿ ಓಡುತ್ತದೆ, ಹಿಂದೆಯೇ ಕಂದು, ಆಮೇಲೆ ನೇರಳೆ. ಬೇಕಾದ ಬಣ್ಣ ಬಾಯಿಗೆ ಬಂದ ತಕ್ಷಣ ಪೂರ್ತಿ ಅದ್ದುತ್ತಾರೆ. ಮರ ಸವರುವ ಕತ್ತಿಗೆ ಚಾಕುವಿಗಿಂತ ಹೆಚ್ಚು ಬಣ್ಣ ಓಡಲು ಬಿಡುವುದು, ಗಂಟಿಗೆ ಬಡಿದಾಗ ಬಾಯಿ ಹಾರದಿರಲಿ ಎಂದು. ನೀವು ಒವನ್‌ನಲ್ಲಿ ನಾಲ್ಕು ಗಂಟೆ ಮಾಡುವ ಟೆಂಪರನ್ನು ಅವರು ಕ್ಷಣಗಳಲ್ಲಿ ಕಣ್ಣಳತೆಯಲ್ಲಿ ಮುಗಿಸುತ್ತಾರೆ. ಅವರದನ್ನು ನೋಡಿ ಕಲಿಯಿರಿ, ಸದ್ಯಕ್ಕೆ ಮಾಡುವುದು ಒವನ್‌ನಲ್ಲೇ ಇರಲಿ.

ಹಿಡಿಗೆ ನಿಮ್ಮ ತೋಟದಲ್ಲೇ ಒಳ್ಳೆಯ ಸಾಮಾನಿದೆ. ಕಿತ್ತುಹಾಕಿದ ಹಳೇ ಕಾಫಿ ಗಿಡದ ಬೊಡ್ಡೆ ಗಟ್ಟಿ, ಎಳೆ ನುಣುಪು. ಹಸಿಯಾಗಿ ಸೀಳಿ, ತುದಿಗಳಿಗೆ ಮೇಣ ಬಳಿದು, ನೆರಳಲ್ಲಿ ವರ್ಷವಾದರೂ ಒಣಗಿಸಿ. ಸಿಲ್ವರ್ ಓಕ್ ಎಷ್ಟು ಬೇಕಾದರೂ ಸಿಗುತ್ತದೆ, ಆದರೆ ಹಿಡಿಗೆ ಮೆತ್ತಗಾಯಿತು. ಬೀಟೆಯ ಆಸೆ ಇದ್ದರೆ ಹಳೇ ಮಂಚದ ಕಾಲೋ ಕುರ್ಚಿಯ ಕೈಯೋ ಹುಡುಕಿ. ಹೊಸದಾಗಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ, ಸಾಗಿಸುವಂತಿಲ್ಲ. ಅದರ ಪುಡಿ ಕೆಲವರಿಗೆ ಮೈ ತುರಿಕೆ ತರುತ್ತದೆ, ಮಾಸ್ಕ್ ಇರಲಿ. ಅರಾಲ್ಡೈಟ್ ಹಚ್ಚಿ, ಹಿತ್ತಾಳೆ ಪಿನ್ ಹೊಡೆದು, ಒಂದು ದಿನ ಕ್ಲಾಂಪಿನಲ್ಲಿ ಬಿಡಿ. ವಿಪರೀತ ಬಿಗಿದರೆ ಅಂಟೆಲ್ಲ ಹೊರಗೆ ಬರುತ್ತದೆ. ಮೇಲೆ ಅಗಸೆ ಎಣ್ಣೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತನ್ನಷ್ಟಕ್ಕೇ ಹೊತ್ತಿಕೊಳ್ಳುವುದುಂಟು, ಹರವಿ ಒಣಗಿಸಿ.

ಈ ಉಕ್ಕು ಸ್ಟೇನ್‌ಲೆಸ್ ಅಲ್ಲ ಎಂದು ಮನೆಯವರಿಗೆ ಮೊದಲೇ ಹೇಳಿ. ಬಾಳೆದಿಂಡು, ನಿಂಬೆಹಣ್ಣು ಹೆಚ್ಚಿದರೆ ಕಪ್ಪಾಗುತ್ತದೆ. ಅದು ಕಲೆ ಅಷ್ಟೇ, ಕೆಡುಕಿಲ್ಲ. ಕೆಂಪು ತುಕ್ಕು ಬೇರೆ, ಅದು ಬಾಯಿಯನ್ನು ತಿನ್ನುತ್ತದೆ. ತೊಳೆದು ಒರೆಸಿ, ಮಳೆಗಾಲದಲ್ಲಿ ಕೊಬ್ಬರಿ ಎಣ್ಣೆ ಸವರಿಡಿ. ಹಲಸು ಕೊಯ್ಯುವ ಮುಂಚೆ ಸವರುವುದು ಹೇಗೂ ಗೊತ್ತೇ ಇದೆ. ಚರ್ಮದ ಒರೆಯಲ್ಲಿ ಇಟ್ಟು ಮರೆತರೆ ಆಗಸ್ಟ್ ಹೊತ್ತಿಗೆ ತುಕ್ಕು ಹಿಡಿದಿರುತ್ತದೆ.

ಕಾನೂನಿನ ವಿಷಯ. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಚಾಕುಗಳು ಆಯುಧದ ಪಟ್ಟಿಗೆ ಬರುತ್ತವೆ. ಮನೆಬಳಕೆ, ಕೃಷಿ, ವಿಜ್ಞಾನ, ಕೈಗಾರಿಕೆಗೆಂದು ಮಾಡಿದವು ಅದರಿಂದ ಹೊರಗೆ. ಕತ್ತಿ, ಖಡ್ಗ, ಕಠಾರಿ ಎಂದು ಹೆಸರಿರುವವು ಆ ಪಟ್ಟಿಯಲ್ಲೇ ಇವೆ, ಅಂಥವನ್ನು ಮಾಡಿ ಮಾರಲು ಹೊರಟರೆ ಲೈಸೆನ್ಸಿನ ಪ್ರಶ್ನೆ ಏಳುತ್ತದೆ. ಇಲ್ಲಿನ ಕತ್ತಿ ಎಂದರೆ ಯುದ್ಧದ ಕತ್ತಿ, ನಿಮ್ಮ ತೋಟದ ಕತ್ತಿಯಲ್ಲ. 4 ಇಂಚಿನ ತರಕಾರಿ ಚಾಕುವಿಗೆ ಈ ತಲೆನೋವು ಯಾವುದೂ ಇಲ್ಲ. ಮಾರುವ ಯೋಚನೆಯನ್ನು ಮಾತ್ರ ಸ್ವಲ್ಪ ಮುಂದೂಡಿ. ಒಂದೇ ಆಕಾರದ ಚಾಕುವನ್ನು ಮತ್ತೆ ಮತ್ತೆ ಮಾಡಿ ಮನೆಯಲ್ಲಿ, ನೆಂಟರಲ್ಲಿ ಹಂಚಿ, ಒಂದು ಮಳೆಗಾಲ ಅವರು ಬಳಸಿದ ಮೇಲೆ ವಾಪಸ್ ಇಸಿದುಕೊಂಡು ಬಾಯಿ ನೋಡಿ: ಮಡಚಿದ್ದರೆ ಹದ ಕಮ್ಮಿ, ಚೂರು ಎದ್ದಿದ್ದರೆ ಟೆಂಪರ್ ಸಾಲದು. ಎರಡೂ ಇಲ್ಲದ ಚಾಕು ಬಂದ ಮೇಲೆ ಬೆಲೆ ಕಟ್ಟಿ.